ನಾಟಕಕ್ಕೆ ವೆಬ್ಲಿ ರಿವಾಲ್ವರ್ ಮಾಡಿಸುವವರೇ, ಬಣ್ಣದಲ್ಲಿ ಹುಷಾರು

ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ನಾಟಕ ಆಡುವ ಹಾವೇರಿ, ಧಾರವಾಡ ಕಡೆಯ ತಂಡಗಳಿಗೆ ಈ ಮಾತು. 1943ರ ಏಪ್ರಿಲ್ 1ರಂದು ಅವರು ಪೊಲೀಸರ ಗುಂಡಿಗೆ ಬಲಿಯಾದ ಹೊಸರಿತ್ತಿ ದೃಶ್ಯಕ್ಕೆಂದು ಹುಬ್ಬಳ್ಳಿಯಲ್ಲಿ ಮಾಡಿಸಿದ ಮರದ ವೆಬ್ಲಿ (ಬ್ರಿಟಿಷರ ಕಾಲದ ರಿವಾಲ್ವರ್) ತಾಲೀಮಿನಲ್ಲೇ ಕೆಟ್ಟಿತು. ನಳಿಗೆಯ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದು, ಉಗುರು ತಾಗಿದಲ್ಲೆಲ್ಲ ಕಿತ್ತು ಬಂತು.

ಆಗಿದ್ದು ಇಷ್ಟು. ಮೊದಲು ಕಪ್ಪು ಎನಾಮಲ್ ಹೊಡೆದು, ಹೊಳಪು ಹೋಗಲೆಂದು ಅದರ ಮೇಲೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಮ್ಯಾಟ್ ಲ್ಯಾಕರ್, ಅಂದರೆ ಹೊಳಪಿಲ್ಲದ ಮೇಲ್ಲೇಪ, ಕೊಟ್ಟಿದ್ದಾರೆ. ಎನ್‌ಸಿ ಥಿನ್ನರ್ ತಾಗಿದರೆ ಕೆಳಗಿನ ಎನಾಮಲ್ ಉಬ್ಬಿ ಸುಕ್ಕುಗಟ್ಟುತ್ತದೆ. ಬಣ್ಣ ಹೊಡೆಯುವವರು ‘ಒಣಗೇತ್ರಿ, ಏನೂ ಆಗಂಗಿಲ್ಲ’ ಅಂದರೂ ಒಪ್ಪಬೇಡಿ. ಸುಕ್ಕೆದ್ದ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಲಾಗದು, ಮರ ಕಾಣುವವರೆಗೆ ಕೆರೆಯಬೇಕು. ಸೀಲರ್ (ಮರದ ರಂಧ್ರ ಮುಚ್ಚುವ ಮೊದಲ ಲೇಪ), ಕಪ್ಪು, ಮ್ಯಾಟ್ ಮೂರೂ ಎನ್‌ಸಿಯೇ ಇರಲಿ. ಸಾಗವಾನಿಯನ್ನು 120, ಆಮೇಲೆ 220 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ಎರಡು ಕೋಟ್ ಸೀಲರ್ ಕೊಟ್ಟು, 320ರಲ್ಲಿ ನಯ ಮಾಡಿ, ಕಪ್ಪನ್ನು ತೆಳ್ಳಗೆ ಎರಡು ಸಲ ಹೊಡೆಸಿ.

ಸವೆದ ಉಕ್ಕಿನ ಕಳೆಗೆ ಸಿಲ್ವರ್ ಪೇಂಟ್ ಬೇಡ, ದೀಪದ ಬೆಳಕಿಗೆ ಆಟಿಗೆಯಂತೆ ಮಿಂಚುತ್ತದೆ. 6ಬಿ ಪೆನ್ಸಿಲ್ಲಿನ ಸೀಸ ಪುಡಿ ಮಾಡಿ, ಅಂಚುಗಳಿಗೆ ಮತ್ತು ನಳಿಗೆಯ ತುದಿಗೆ ಮಾತ್ರ ಬಟ್ಟೆಯಿಂದ ತಿಕ್ಕಿ, ಕೊನೆಗೆ ಮ್ಯಾಟ್ ಕೊಡಿ. ಇಲ್ಲದಿದ್ದರೆ ಪಾತ್ರಧಾರಿಯ ಖಾಕಿಗೆಲ್ಲ ಮಸಿ.

ಹಿಡಿಕೆಗೆ ಆಟಿಗೆ ಪಿಸ್ತೂಲಿನ ಪ್ಲಾಸ್ಟಿಕ್ ಅಂಟಿಸಿದ್ದು ಎರಡನೆಯ ಎಡವಟ್ಟು. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಅದಕ್ಕೆ ಬಣ್ಣವೂ ಹಿಡಿಯದು, ಅಂಟೂ ನಿಲ್ಲದು. ಒಂದು ಚೂರು ನೀರಿಗೆ ಹಾಕಿ ನೋಡಿ: ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಹಿಡಿಕೆಗೆ ಕಂದು ಬಣ್ಣ ಬಳಿಯುವುದೂ ತಪ್ಪೇ. 1915ರ ವೆಬ್ಲಿ ಮಾದರಿಯಾದ ಮಾರ್ಕ್ 6ರಲ್ಲಿ ಅದು ಗೀರುಗೀರಾದ ಕಪ್ಪು ವಲ್ಕನೈಟ್, ಅಂದರೆ ಗಟ್ಟಿ ರಬ್ಬರು. ತಳದಲ್ಲಿ ಹಗ್ಗ ಕಟ್ಟುವ ಬಳೆ. ಒಟ್ಟು ಉದ್ದ ಸುಮಾರು 286 ಮಿ.ಮೀ., ನಳಿಗೆ 6 ಇಂಚು.

ನಳಿಗೆಗೆ ಕಬ್ಬಿಣದ ಪೈಪು ಬೇಡವೇ ಬೇಡ. ಮರದ ಬಾಯಿಗೆ 5 ಮಿ.ಮೀ. ಕುಳಿ ತೋಡಿ ಕಪ್ಪು ಹಚ್ಚಿದರೆ ಮುಂದಿನ ಸಾಲಿನವರಿಗೂ ಗೊತ್ತಾಗದು. ಗುಜರಿಯಲ್ಲಿ ಕೆಟ್ಟ ಅಸಲಿ ಪಿಸ್ತೂಲೋ ಅದರ ಸಿಲಿಂಡರೋ ಸಿಕ್ಕಿತೆಂದು ತಂದೀರಿ ಜೋಕೆ: 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಆಯುಧವೇ. ಬೀದಿ ನಾಟಕವಿದ್ದರೆ ಠಾಣೆಗೆ ಮೊದಲೇ ಹೇಳಿಡಿ, ಬಸ್ಸಿನಲ್ಲಿ ಒಯ್ಯುವಾಗ ಮುಚ್ಚಿದ ಡಬ್ಬಿಯಲ್ಲಿರಲಿ.