ಹಿಪ್ ಆಪರೇಷನ್ ಆದವರ ಮನೆಗೆ ಕಮೋಡ್ ರೈಸರ್: 2 ಇಂಚೋ, 4 ಇಂಚೋ, 6 ಇಂಚೋ?

ಸೊಂಟದ ಕೀಲು ಬದಲಿಸಿಕೊಂಡು ಮನೆಗೆ ಬರುವವರಿಗೆಂದು ಸರ್ಜಿಕಲ್ ಅಂಗಡಿಗಳಲ್ಲಿ ಬಗೆಬಗೆಯ ಸಾಮಾನು ಇಟ್ಟಿರುತ್ತಾರೆ. ಅವುಗಳಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ದುಡಿಯುವಂಥವು ಎರಡೇ: ವಾಕರ್, ಮತ್ತೆ ಸೀಟನ್ನು ಎತ್ತರಿಸಲು ಕಮೋಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ರೈಸರ್. ವಾಕರನ್ನು ಆಸ್ಪತ್ರೆಯಲ್ಲೇ ಕೈಗೆ ಕೊಟ್ಟು ನಡೆಸಿ ಕಳಿಸುತ್ತಾರೆ. ರೈಸರ್ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಒಂದು ಸಾಲಾಗಿ ಉಳಿದು, ಮನೆಗೆ ಬಂದ ಮಾರನೆಯ ಬೆಳಿಗ್ಗೆ ನೆನಪಾಗುತ್ತದೆ. ಬದಿಯಡ್ಕ, ಮುಳ್ಳೇರಿಯದಂಥ ಸಣ್ಣ ಪೇಟೆಯ ಮೆಡಿಕಲ್ ಶಾಪಿನಲ್ಲಿ ಆಗ ಹುಡುಕುವುದಕ್ಕಿಂತ ಕಾಸರಗೋಡಿನಿಂದಲೋ ಮಂಗಳೂರಿನಿಂದಲೋ ಆಪರೇಷನ್ನಿಗೆ ಮೊದಲೇ ತಂದಿಟ್ಟುಕೊಳ್ಳುವುದು ವಾಸಿ. ಆನ್‌ಲೈನಿನಲ್ಲಿ ತರಿಸುವುದಾದರೂ ಸರಿ, ಅಳತೆ ತೆಗೆಯದೆ ಬೇಡ.

ಇದು ಯಾಕೆ ಬೇಕು ಎಂದು ತಿಳಿದರೆ ಯಾವುದು ಬೇಕು ಎಂಬುದೂ ಗೊತ್ತಾಗುತ್ತದೆ. ಕೀಲಿನ ಹಿಂಬದಿಯಿಂದ ಕೊಯ್ದು ಮಾಡುವ ಆಪರೇಷನ್ನಿನಲ್ಲಿ ಹಿಂದಿನ ಪದರವನ್ನೂ ಸಣ್ಣ ಸ್ನಾಯುಗಳನ್ನೂ ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಅದು ಗಟ್ಟಿಯಾಗಿ ಕೂಡುವ ತನಕ, ಸಾಮಾನ್ಯವಾಗಿ 6ರಿಂದ 12 ವಾರ, ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಂಡಿ ಒಳಮುಖವಾಗಿ ತಿರುಗಬಾರದು. ಮೂರೂ ಒಟ್ಟಿಗೆ ನಡೆದರೆ ಹೊಸ ಕೀಲಿನ ಚೆಂಡು ಗುಳಿಯಿಂದ ಹಿಂದಕ್ಕೆ ಜಾರಿ ಹೊರಬರಬಹುದು. ತಗ್ಗಿನ ಕಮೋಡಿನಲ್ಲಿ ಕೂತು, ಪಕ್ಕದ ನೆಲದಲ್ಲಿರುವ ಬಕೆಟಿನ ನೀರಿಗೆ ಬಾಗಿ ಹೊರಳುವಾಗ ಈ ಮೂರೂ ಒಂದೇ ಏಟಿಗೆ ಆಗಿಬಿಡುತ್ತವೆ. ಮುಂಬದಿಯಿಂದ ಮಾಡಿದ ಆಪರೇಷನ್ನಿಗೆ ನಿರ್ಬಂಧಗಳು ಬೇರೆ. ಕೆಲವು ಸರ್ಜನ್ನರು ಈಗ ನಿರ್ಬಂಧವನ್ನು ಬಹಳ ಸಡಿಲಿಸಿದ್ದೂ ಇದೆ. ಹಾಗಾಗಿ ನಿಮ್ಮ ಚೀಟಿಯಲ್ಲಿ ಏನಿದೆಯೋ ಅದೇ ಕಾನೂನು, ನೆರೆಮನೆಯವರ ಚೀಟಿಯಲ್ಲಿ ಇದ್ದದ್ದಲ್ಲ.

ಇನ್ನು ಅಳತೆ. ಗಟ್ಟಿ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂತು, ಪಾದ ಪೂರ್ತಿ ನೆಲಕ್ಕೆ ಊರಿ, ಮಂಡಿಯ ಹಿಂದಿನ ಮಡಿಕೆಯಿಂದ ನೆಲದ ತನಕ ಟೇಪು ಹಿಡಿಯಿರಿ. ಆ ಅಳತೆಗೆ 2 ಇಂಚು ಸೇರಿಸಿದರೆ ಬೇಕಾದ ಸೀಟಿನ ಎತ್ತರ ಸಿಕ್ಕಿತು. ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು, ಲೆಕ್ಕ ಇಷ್ಟೆ. ನಮ್ಮಲ್ಲಿ ಹಾಕುವ ಯುರೋಪಿಯನ್ ಕಮೋಡಿನ ಪಿಂಗಾಣಿ ಅಂಚು ಹೆಚ್ಚುಕಡಿಮೆ 15–16 ಇಂಚು ಎತ್ತರ ಇರುತ್ತದೆ. ಮಂಡಿಯ ಅಳತೆ 17 ಇದ್ದವರಿಗೆ 19 ಬೇಕು, ಅಂದರೆ 4 ಇಂಚಿನ ರೈಸರ್. ಮಂಡಿಯ ಅಳತೆ 15 ಇರುವ ಗಿಡ್ಡ ಹೆಂಗಸರಿಗೆ 2 ಇಂಚಿನದೇ ಧಾರಾಳ. ಒಂದು ಸೂಕ್ಷ್ಮ ಉಂಟು: ರೈಸರ್ ಕೂರಿಸಲು ಹಳೆಯ ಸೀಟನ್ನು ಎತ್ತಬೇಕು ಇಲ್ಲವೇ ಬಿಚ್ಚಬೇಕು. ಆ ಸೀಟೇ ಸುಮಾರು 1 ಇಂಚು ದಪ್ಪ. ಹಳೆಯ ಸೀಟಿನ ಮೇಲಿಂದ ಅಳೆದರೆ ಲೆಕ್ಕ ಅಷ್ಟು ತಪ್ಪಿತು. ಪಿಂಗಾಣಿಯ ಅಂಚಿನಿಂದಲೇ ಅಳೆಯಿರಿ.

6 ಇಂಚಿನದನ್ನು ‘ಇನ್ನೂ ಸೇಫ್’ ಎಂದು ತೋರಿಸುವ ಅಂಗಡಿಯವರಿದ್ದಾರೆ. ತುಂಬ ಉದ್ದದವರಿಗೆ ಬಿಟ್ಟರೆ ಅದು ಬೇಡ. ಪಾದ ನೆಲಕ್ಕೆ ಸರಿಯಾಗಿ ತಾಗದೆ ಬೆರಳ ತುದಿಯಲ್ಲಿ ನಿಲ್ಲುತ್ತದೆ, ಸೀಟಿನ ಅಂಚು ತೊಡೆಯ ಅಡಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ, ಏಳುವಾಗ ಒಳ್ಳೆಯ ಕಾಲಿಗೆ ಆಧಾರವೇ ಸಿಗುವುದಿಲ್ಲ. ಮೆತ್ತನೆಯ ಫೋಮ್ ಸೀಟುಗಳದ್ದು ಇದಕ್ಕೆ ತದ್ವಿರುದ್ಧ ತಕರಾರು. ಡಬ್ಬಿಯ ಮೇಲೆ 4 ಎಂದಿರುತ್ತದೆ, 70 ಕೆಜಿಯ ಮೈ ಕೂತಾಗ ತಗ್ಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದನ್ನೇ ತೆಗೆದುಕೊಳ್ಳಿ, ಡಬ್ಬಿಯ ಮೇಲೆ ತೂಕದ ಮಿತಿ ನಮೂದಿಸಿರುವುದನ್ನು ನೋಡಿ.

ಕ್ಲಾಂಪ್ ಇಲ್ಲದೆ ಬರೀ ಕೂರಿಸಿಡುವ ಮಾದರಿ ಅಗ್ಗಕ್ಕೆ ಸಿಗುತ್ತದೆ, ಸುತರಾಂ ಬೇಡ. ಆಪರೇಷನ್ ಆದವರು ಎರಡೂ ಕುಂಡೆ ಸಮ ಇಟ್ಟು ಕೂರುವುದಿಲ್ಲ, ಒಳ್ಳೆಯ ಬದಿಗೆ ವಾಲಿ ಇಳಿಯುತ್ತಾರೆ. ಆ ಅಡ್ಡ ಒತ್ತಡಕ್ಕೆ ಸೀಟು ಜಾರುತ್ತದೆ. ಕ್ಲಾಂಪಿನದನ್ನು ಕೂರಿಸುವಾಗ ಪಿಂಗಾಣಿಯ ಅಂಚನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಬೇಕು. ಅಂಚು ಒದ್ದೆಯಿದ್ದರೆ ರಬ್ಬರ್ ಪ್ಯಾಡು ಎಷ್ಟು ಬಿಗಿದರೂ ಹಿಡಿಯದು. ಹಿಂದಿನ ನಾಲಿಗೆ ಅಂಚಿನ ಒಳಗೆ ಕೂತಿದೆಯೇ ನೋಡಿ, ಆಮೇಲೆ ತಿರುಪುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಕೈಯಲ್ಲಿ ಬಿಗಿಯಿರಿ. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಸೀಟು ಓರೆಯಾಗುತ್ತದೆ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ತಿರುಪಿನ ಗೆರೆಗಳೇ ಸವೆದುಹೋಗುತ್ತವೆ. ಕೊನೆಗೆ ಎರಡೂ ಅಂಗೈ ಊರಿ ಎಡಕ್ಕೆ, ಬಲಕ್ಕೆ, ಮುಂದಕ್ಕೆ ಜೋರಾಗಿ ತಳ್ಳಿ ನೋಡುವುದು ಮನೆಯ ಗಟ್ಟಿಮುಟ್ಟಾದವರ ಕೆಲಸ. ವಾರಕ್ಕೊಮ್ಮೆ ಮತ್ತೆ ಬಿಗಿಯಬೇಕು, ಯಾಕೆಂದರೆ ಪ್ಯಾಡು ಒತ್ತಿ ಒತ್ತಿ ತೆಳ್ಳಗಾಗುತ್ತದೆ. ಬಿಚ್ಚಿ ತೊಳೆಯುವಾಗ ಕ್ಲಾಂಪಿನ ಅಡಿಯಲ್ಲಿ ಕಟ್ಟುವ ಬಿಳಿ ಉಪ್ಪನ್ನೂ ತಿಕ್ಕಿ ತೆಗೆಯಿರಿ. ಆಸಿಡ್ ಮಾತ್ರ ಬೇಡ.

ದುಂಡಗಿನ, ಅಂಡಾಕಾರದ ಕಮೋಡಿಗೆ ಇದು ಚೆನ್ನಾಗಿ ಕೂರುತ್ತದೆ. ಹೊಸ ಮನೆಗಳ ಚೌಕ ಮೂತಿಯ ಕಮೋಡಿನಲ್ಲಿ ಮುಂದುಗಡೆ ಸಂದು ಉಳಿಯುತ್ತದೆ. ಮೂವತ್ತು ನಲವತ್ತು ವರ್ಷದ ಮನೆಗಳಲ್ಲಿ ಕಾಣುವ, ಅಂಚಿನಲ್ಲಿ ಪಾದದ ಗುರುತಿರುವ ಆಂಗ್ಲೋ ಇಂಡಿಯನ್ ಮಾದರಿಯ ಅಗಲ ಅಂಚನ್ನು ಕ್ಲಾಂಪು ಕಚ್ಚುವುದೇ ಇಲ್ಲ. ಅಲ್ಲಿಗೂ, ಕುಕ್ಕರಗಾಲಿನ ಪಾಯಿಖಾನೆ ಇರುವ ಮನೆಗೂ, ಅಂಗಳ ದಾಟಿ ಹೋಗಬೇಕಾದ ಬಚ್ಚಲಿನ ಮನೆಗೂ ರೈಸರ್ ಬಿಟ್ಟು ಕಮೋಡ್ ಕುರ್ಚಿ ತೆಗೆದುಕೊಳ್ಳಿ. ನಾಲ್ಕು ಕಾಲಿನ, ಎತ್ತರ ಹೊಂದಿಸಬಹುದಾದ, ಕೈಯಿರುವ ಕುರ್ಚಿ. ರಾತ್ರಿ ಮಂಚದ ಪಕ್ಕದಲ್ಲಿ ಬಾಲ್ದಿ ಹಾಕಿ, ಹಗಲು ಬಾಲ್ದಿ ತೆಗೆದು ಕಮೋಡಿನ ಮೇಲೆ ನಿಲ್ಲಿಸಿ, ಎರಡು ಕೆಲಸಕ್ಕೂ ಆಗುತ್ತದೆ. ಕುಕ್ಕರಗಾಲಿನ ಪಾಯಿಖಾನೆಯ ಮೇಲೆ ಇಡುವಾಗ ನಾಲ್ಕೂ ಕಾಲು ಒಂದೇ ಮಟ್ಟದ ನೆಲದಲ್ಲಿ ನಿಲ್ಲಬೇಕು. ಎರಡು ಕಾಲು ಪಾದದ ಮೆಟ್ಟಿನ ಮೇಲೆ, ಎರಡು ಕೆಳಗೆ ಎಂದಾದರೆ ಅದನ್ನು ಬಳಸಬೇಡಿ. ಚಕ್ರ ಇರುವ ಮಾದರಿಯೂ ಬೇಡ. ಕಬ್ಬಿಣಕ್ಕೆ ಬಣ್ಣ ಬಳಿದ ಕಾಲು ಕರಾವಳಿಯ ಹವೆಗೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ, ಅದೂ ಎತ್ತರ ಹೊಂದಿಸುವ ತೂತಿನ ಬಳಿಯೇ ಮೊದಲು. ಅಲ್ಯೂಮಿನಿಯಂ ಒಳ್ಳೆಯದು.

ರೈಸರ್ ಮಾರುವವರು ಯಾರೂ ಹೇಳದ ಸಂಗತಿ ತೊಳೆದುಕೊಳ್ಳುವುದು. ಸೀಟು 4 ಇಂಚು ಮೇಲೆ ಹೋದ ಮೇಲೆ ಬಕೆಟು ಅಷ್ಟೇ ಕೆಳಗೆ ಹೋದಂತಾಯಿತು. ಬಕೆಟನ್ನು ಒಳ್ಳೆಯ ಕಾಲಿನ ಬದಿಯಲ್ಲಿ, ಸೀಟಿನಷ್ಟೇ ಎತ್ತರದ ಸ್ಟೂಲಿನ ಮೇಲೆ ಇಡಿ, ಉದ್ದ ಹಿಡಿಯ ಮಗ್ಗು ಹಾಕಿ. ಕೈಯಲ್ಲಿ ಹಿಡಿಯುವ ಫಾಸೆಟ್ ಇದ್ದರೆ ಅದರ ಪೈಪು ಹೊಸ ಎತ್ತರಕ್ಕೆ ಸಾಲುತ್ತದೆಯೇ ಮೊದಲೇ ಪರೀಕ್ಷಿಸಿ. ಅಂಗಡಿಗೆ ಹೋದಾಗಲೇ ಮುಂದೆ ಅಥವಾ ಪಕ್ಕದಲ್ಲಿ ಕೈ ತೂರುವಷ್ಟು ತಗ್ಗು ಬಿಟ್ಟಿರುವ ರೈಸರನ್ನು ಆರಿಸಿ. ಸುತ್ತ ಮುಚ್ಚಿದ ಉಂಗುರದಂಥದು ಕಾಗದ ಬಳಸುವ ದೇಶದವರಿಗೆ ಸರಿ.

ಕೂರುವ ಕ್ರಮ ಹೀಗೆ. ವಾಕರಿನೊಂದಿಗೆ ಸಣ್ಣ ಹೆಜ್ಜೆಯಲ್ಲೇ ತಿರುಗಿ, ಎರಡೂ ಕಾಲಿನ ಹಿಂಬದಿಗೆ ಸೀಟು ತಾಗುವ ತನಕ ಹಿಂದೆ ಬನ್ನಿ. ಆಪರೇಷನ್ ಕಾಲನ್ನು ಮುಂದಕ್ಕೆ ಚಾಚಿ. ಕೈಯನ್ನು ವಾಕರಿನಿಂದ ತೆಗೆದು ರೈಸರಿನ ಕೈಗೋ ಗೋಡೆಯ ಕಂಬಿಗೋ ಕೊಡಿ, ಒಳ್ಳೆಯ ಕಾಲಿನ ಬಲದಲ್ಲಿ ನಿಧಾನ ಇಳಿಯಿರಿ. ಏಳುವಾಗಲೂ ಮೊದಲು ಆಪರೇಷನ್ ಕಾಲು ಮುಂದೆ, ನಂತರ ಕೈ ಊರಿ ಮೇಲೆ. ವಾಕರನ್ನು ಎಳೆದು ಎದ್ದರೆ ಅದು ಮೈಮೇಲೆ ಮಗುಚುತ್ತದೆ. ಕೈಯಿರುವ ರೈಸರ್ ಬೆಲೆ ಹೆಚ್ಚು, ಆದರೆ ಪಕ್ಕದಲ್ಲಿ ಕಂಬಿ ಹಾಕಲು ಗೋಡೆ ಸಿಗದಿದ್ದರೆ ಅದೇ ಬೇಕು.

ಕಂಬಿಯ ವಿಷಯಕ್ಕೆ ಬಂದರೆ, ನಮ್ಮ ಮುರಕಲ್ಲಿನ ಗೋಡೆಗೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ಗು ಹಾಕಿ ತಿರುಪು ಬಿಗಿದರೆ ನಂಬುವಂತಿಲ್ಲ. ಕಲ್ಲು ತೂತುತೂತು, ಡ್ರಿಲ್ ಮಾಡುವಾಗಲೇ ರಂಧ್ರ ದೊಡ್ಡದಾಗುತ್ತದೆ. ರಾಸಾಯನಿಕ ಅಂಟು ತುಂಬಿ ಕೂರಿಸುವ ಆ್ಯಂಕರ್ ಹಾಕಿಸಿ, ಅಂಟು ಗಟ್ಟಿಯಾಗಲು ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಗೋಡೆಗೆ ಹೀರಿಕೊಂಡು ನಿಲ್ಲುವ ಬಟ್ಟಲಿನ ಕಂಬಿಗಳು ಟವೆಲ್ ನೇತುಹಾಕಲು ಅಡ್ಡಿಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನೋವು ಇರುತ್ತದೆ. ಅದರಲ್ಲಿ ಸೀಟಿನ ಪಾಲೆಷ್ಟು, ವಾಸಿಯಾಗುವ ದಾರಿಯಲ್ಲಿ ಬರುವುದೆಷ್ಟು ಎಂದು ಬಿಡಿಸಿ ನೋಡಬೇಕು. ಸಂಜೆ ಹೊತ್ತಿಗೆ ಪಾದ, ಪಾದದ ಗಂಟು ಊದುವುದು, ಮಲಗಿ ಕಾಲೆತ್ತಿಟ್ಟರೆ ಬೆಳಿಗ್ಗೆ ಇಳಿಯುವುದು ಸಾಮಾನ್ಯ, ಕೆಲವು ತಿಂಗಳೂ ಇರಬಹುದು. ಮಂಚಕ್ಕೆ ಕಾಲೆತ್ತಿ ಹಾಕುವಾಗ ತೊಡೆಸಂದಿನಲ್ಲಿ ಸೆಳೆತ, ನಡೆದ ಮೇಲೆ ಸೊಂಟದ ಪಕ್ಕದಲ್ಲಿ ನೋವು, ಆಪರೇಷನ್ ಕಾಲು ಉದ್ದವಾದಂತೆ ಅನಿಸುವುದು, ಇವೂ ಮೊದಲ ವಾರಗಳಲ್ಲಿ ಕಾಣುವಂಥವೇ. ಎರಡು ದಿನ ಚೆನ್ನಾಗಿದ್ದು, ಹುಮ್ಮಸ್ಸಿನಲ್ಲಿ ತೋಟದ ತನಕ ನಡೆದು, ಮೂರನೆಯ ದಿನ ಕಾಲೆತ್ತಲಾಗದೆ ಮಲಗುವವರೇ ಹೆಚ್ಚು. ಆಗ ನಡಿಗೆಯನ್ನು ಅರ್ಧಕ್ಕೆ ಇಳಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಟ್ಟು, ಪಾದ ಮೇಲೆ ಕೆಳಗೆ ಆಡಿಸುವ ವ್ಯಾಯಾಮವನ್ನು ಮಾತ್ರ ಬಿಡದೆ ಮಾಡಿ. ಕೂತು ಎದ್ದಾಗ ಮಾತ್ರ ನೋವು, ನಡೆದರೆ ಇಲ್ಲ ಎಂದಾದರೆ ಟೇಪು ಹಿಡಿದು ಸೀಟನ್ನು, ಕುರ್ಚಿಯನ್ನು, ಮಂಚವನ್ನು ಮತ್ತೊಮ್ಮೆ ಅಳೆಯಿರಿ. ಜಗಲಿಯ ಈಸಿಚೇರು ಮೂರು ತಿಂಗಳು ಅಟ್ಟಕ್ಕೆ ಹೋಗಲಿ.

ಮಲಬದ್ಧತೆ ಇನ್ನೊಂದು ಕಾಟ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ರಕ್ತ ಕಡಿಮೆಯೆಂದು ಕೊಡುವ ಕಬ್ಬಿಣಾಂಶದ ಮಾತ್ರೆ, ಎರಡೂ ಹೊಟ್ಟೆ ಕಟ್ಟುತ್ತವೆ. ಆಗ ಎಷ್ಟು ಒಳ್ಳೆಯ ರೈಸರ್ ಇದ್ದರೂ ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಗೆ ಊರಿ ತಿಣುಕುತ್ತಾರೆ, 90 ಡಿಗ್ರಿ ಅಲ್ಲೇ ಮುರಿಯಿತು. ಗಂಜಿತಿಳಿ, ಪಪ್ಪಾಯಿ, ಬಸಳೆ ಸಾರು, ಸಾಕಷ್ಟು ನೀರು. ಕಿಡ್ನಿ, ಹೃದಯದ ತೊಂದರೆ ಇದ್ದವರು ನೀರಿನ ಅಳತೆಯನ್ನು ಡಾಕ್ಟರಲ್ಲಿ ಕೇಳಿ. ಎರಡು ಮೂರು ದಿನವಾದರೂ ಹೋಗದಿದ್ದರೆ ಮೃದುವಾಗಿಸುವ ಔಷಧಿ ಬರೆಸಿಕೊಳ್ಳಿ. ಮನೆಯಲ್ಲಿ ಹಿಂದೆಂದೋ ಉಳಿದ ಡೈಕ್ಲೋಫೆನಾಕ್ ನುಂಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುವಾಗ ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಉಂಟು.

ಆಟಿ ತಿಂಗಳಲ್ಲಿ, ಅಂದರೆ ಮಳೆಗಾಲದ ಕರ್ಕಾಟಕ ಮಾಸದಲ್ಲಿ, ಆಪರೇಷನ್ ಆದವರಿಗೆ ‘ಹೇಗೂ ಕರ್ಕಾಟಕ ಚಿಕಿತ್ಸೆಯ ಕಾಲ, ಎಣ್ಣೆ ಹಾಕಿ ತಿಕ್ಕಿಸಿ’ ಎಂಬ ಸಲಹೆ ಧಾರಾಳ ಬರುತ್ತದೆ. ಸರ್ಜನ್ ಒಪ್ಪುವ ತನಕ ಬೇಡವೇ ಬೇಡ. ಗಾಯಕ್ಕೆ ಎಣ್ಣೆ ಸೋಕಬಾರದು, ಕಾಲನ್ನು ಎಳೆದು ಮಡಚಿದರೆ ಕೀಲು ತಪ್ಪಬಹುದು. ಮೀನಖಂಡದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ತಿಕ್ಕುವುದು ಇನ್ನೂ ಅಪಾಯ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದವು ಬೇರೆ: ಒಮ್ಮೆಲೇ ಸಹಿಸಲಾಗದ ನೋವು ಬಂದು ಕಾಲು ಗಿಡ್ಡವಾಗಿ ತಿರುಗಿ ನಿಲ್ಲುವುದು, ಭಾರ ಹಾಕಲಾಗದಿರುವುದು, ಮೀನಖಂಡ ಬಿಸಿಯಾಗಿ ಊದಿ ಬೆಳಿಗ್ಗೆಯೂ ಇಳಿಯದಿರುವುದು, ಉಸಿರುಗಟ್ಟುವುದು, ಎದೆನೋವು, ಗಾಯದಿಂದ ನೀರೋ ಕೀವೋ ಒಸರುವುದು, ಜ್ವರ. ಕೀಲು ಜಾರಿದ ಅನುಮಾನವಿದ್ದರೆ ಮನೆಯವರು ಎಳೆದು ಸರಿಮಾಡಲು ಹೋಗಬಾರದು, ಎಬ್ಬಿಸಿ ಕಾರಿಗೆ ತುರುಕಬಾರದು. ಇದ್ದ ಭಂಗಿಯಲ್ಲೇ ದಿಂಬು ಕೊಟ್ಟು 108ಕ್ಕೆ ಕರೆಮಾಡಿ.

ವಾಕರ್ ಬಗ್ಗೆ ಚುಟುಕಾಗಿ: ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಬಚ್ಚಲ ಬಾಗಿಲಿನ ಅಗಲ ಅಳೆದು ಕೊಳ್ಳಿ, ಹಳೆಯ ಮನೆಗಳಲ್ಲಿ ವಾಕರು ಸಿಕ್ಕಿಬೀಳುವುದು ಅಲ್ಲೇ. ಕಾಲಿನ ರಬ್ಬರ್ ಬುಷ್ಷಿನ ಅಡಿಯ ಗೆರೆ ಸವೆದು ನುಣುಪಾದ ಕೂಡಲೇ ಬದಲಿಸಿ, ಪಾಚಿ ಹಿಡಿದ ಅಂಗಳಕ್ಕೆ ಹೊಸ ಬುಷ್ಷಿದ್ದರೂ ಇಳಿಯಬೇಡಿ. ಬರೀ ವಾಕರ್ ಆದರೆ ಕೊಳ್ಳುವ ಮೊದಲು ಪಂಚಾಯತಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ಘಟಕದಲ್ಲಿ ವಿಚಾರಿಸಿ, ಹಲವು ಕಡೆ ಎರವಲು ಸಿಗುತ್ತದೆ.

ರೈಸರ್ ಮಾತ್ರ ಎರವಲಿಗಿಂತ ಸ್ವಂತದ್ದೇ ಇರಲಿ, ಅಳತೆ ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಡಬ್ಬಿ ಒಡೆದ ಶೌಚದ ಸಾಮಾನನ್ನು ಅನೇಕ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹೋಗುವಾಗ ಚೀಟಿಯಲ್ಲಿ ನಾಲ್ಕು ಅಳತೆ ಬರೆದುಕೊಳ್ಳಿ: ಮಂಡಿಯ ಎತ್ತರ, ಪಿಂಗಾಣಿ ಅಂಚಿನ ಎತ್ತರ, ಕಮೋಡಿನ ಒಳಬಾಯಿಯ ಅಗಲ, ಉದ್ದ. ಮೊಬೈಲಿನಲ್ಲಿ ಕಮೋಡನ್ನು ಮೇಲಿಂದ ತೆಗೆದ ಒಂದು ಫೋಟೋ ಇದ್ದರೆ ಅಂಗಡಿಯವರಿಗೂ ಸುಲಭ.