ಕೊಳಕ್ಕೆ ಚಳಿಗಾಲ: ಹೀಟರ್, ನೆಲಮಾಳಿಗೆ, ಗಾಳಿ ಪಂಪು – ಮೂರನ್ನೂ ಮಾಡಿ ನೋಡಿದೆ

ಅಕ್ಟೋಬರ್ ಬಂತೆಂದರೆ ಮನೆಗೆ ಬಂದ ಗೆಳೆಯರು ಹಿತ್ತಿಲ ಕೊಳ ನೋಡಿ ಕೇಳುವುದು ಒಂದೇ ಮಾತು: "ಚಳಿಗಾಲದಲ್ಲಿ ಈ ಮೀನುಗಳ ಗತಿ ಏನು?" ನಾವಿರುವುದು ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಕೊಳ ಹಿಂದಿನ ಮನೆಯವರು ತೋಡಿಸಿದ್ದು. ಹತ್ತಡಿ ಉದ್ದ, ಎಂಟಡಿ ಅಗಲ, ನಡುವೆ ಮೂರಡಿ ಆಳ, ಹೆಚ್ಚುಕಡಿಮೆ 1000 ಗ್ಯಾಲನ್ ನೀರು. ಮೊದಲ ವರ್ಷ ಅದರಲ್ಲಿ ಹದಿನಾಲ್ಕು ಗೋಲ್ಡ್‌ಫಿಶ್ ಇದ್ದವು. ಜೊತೆಗೆ ಎರಡು ಕುಂಡ ನೈದಿಲೆ, ಒಂದು ತಾವರೆ. ಅಂಚಿನಲ್ಲಿ ಪತ್ರೊಡೆಗೆಂದು ನಾನು ಬೆಳೆಸುವ ಕೆಸು.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಸಾಗರ ಊರಿನ ಕಡೆ. ಅಲ್ಲಿ ಕೆರೆಗೆ ಕಷ್ಟ ಬರುವುದು ಬೇಸಿಗೆಯಲ್ಲಿ. ಮಾಗಿಯಲ್ಲಿ ನೀರು ತಣ್ಣಗಾಗುತ್ತದೆ, ಅಷ್ಟೇ. ಇಲ್ಲಿ ನೀರು ಕಲ್ಲಾಗುತ್ತದೆ. ಹಾಗಾಗಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ನಾಲ್ಕು ಚಳಿಗಾಲ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಿನ ನೀರು ಮೇಲೆ ತೇಲುತ್ತದೆ. ಅದಕ್ಕೇ ಹೆಪ್ಪು ಮೇಲಿನಿಂದ ಕಟ್ಟುತ್ತದೆ, ತಳದಲ್ಲಿ 4 ಡಿಗ್ರಿಯ ನೀರು ಉಳಿದಿರುತ್ತದೆ. ಮೀನುಗಳು ಅಲ್ಲಿ ಅಲುಗಾಡದೆ ಮಲಗಿರುತ್ತವೆ. ಅಂದರೆ ಅವುಗಳನ್ನು ಕೊಲ್ಲುವುದು ಸಾಮಾನ್ಯವಾಗಿ ಚಳಿ ಅಲ್ಲ, ಮಂಜಿನ ಮುಚ್ಚಳ. ತಳದಲ್ಲಿ ಕೊಳೆಯುವ ಎಲೆ ನೀರಿನ ಆಮ್ಲಜನಕ ತಿಂದು ಕೆಟ್ಟ ಅನಿಲ ಬಿಡುತ್ತದೆ. ಮುಚ್ಚಳ ಪೂರ್ತಿ ಮುಚ್ಚಿದರೆ ಅದು ಹೊರಗೆ ಹೋಗುವುದಿಲ್ಲ. ಒಂದಡಿ ಅಗಲದ ತೂತು ತೆರೆದಿದ್ದರೆ ಸಾಕು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಕೊಳವನ್ನೇ ಬಿಸಿ ಮಾಡಬೇಕು ಅಂದುಕೊಂಡಿದ್ದೆ.

ಹಾಗೆಂದೇ 2018ರ ನವೆಂಬರ್‌ನಲ್ಲಿ 1250 ವ್ಯಾಟ್‌ನ ತೇಲುವ ಹೀಟರ್ ತಂದೆ. ಅದರ ಕೆಲಸದ ಬಗ್ಗೆ ದೂರೇ ಇಲ್ಲ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 31 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಬಾಗಿಲು ತೆಗೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುವಂಥ ಚಳಿ. ಆ ದಿನವೂ ಹೀಟರ್ ಸುತ್ತ ಎರಡಡಿ ನೀರು ಆವಿ ಬಿಡುತ್ತಾ ತೆರೆದೇ ಇತ್ತು. ಕಿಟಕಿಯಿಂದ ಅದನ್ನು ನೋಡಿ ನಿಜಕ್ಕೂ ಕಣ್ಣು ತುಂಬಿ ಬಂತು. ಹದಿನಾಲ್ಕು ಮೀನೂ ಉಳಿದವು.

ಆದರೆ ಖರ್ಚು ನೋಡಿ. ಆ ಹೀಟರ್ ಇಡೀ ದಿನ ಉರಿದರೆ 30 ಯೂನಿಟ್. ಆಗಿನ ದರ ಯೂನಿಟ್‌ಗೆ 13 ಸೆಂಟ್ ಹಿಡಿದರೂ ದಿನಕ್ಕೆ ಸುಮಾರು ನಾಲ್ಕು ಡಾಲರ್, ತಿಂಗಳಿಗೆ 117. ಥರ್ಮೋಸ್ಟಾಟ್ ಇದೆ ನಿಜ, ಆದರೆ ಇಲ್ಲಿಯ ಜನವರಿಯಲ್ಲಿ ಅದು ಆಫ್ ಆಗುವುದೇ ಅಪರೂಪ. ಒಂದು ತೂತಿಗಾಗಿ ಇಷ್ಟು ಕರೆಂಟ್ ಸುಡುವುದು ಜಾಸ್ತಿ ಆಯ್ತು ಅನ್ನಿಸಿತು.

ಮುಂದಿನ ವರ್ಷ ಮೀನನ್ನೆಲ್ಲ ನೆಲಮಾಳಿಗೆಗೆ ತಂದೆ. ದನಗಳಿಗೆ ನೀರಿಡುವ 150 ಗ್ಯಾಲನ್ ತೊಟ್ಟಿ, ಒಂದು ಫಿಲ್ಟರ್, ಮೇಲೆ ಬಲೆ. ಮಕ್ಕಳಿಗೆ ಖುಷಿಯೋ ಖುಷಿ. ಶಾಲೆಯಿಂದ ಬಂದವರೇ ಕೆಳಗೆ ಓಡುತ್ತಿದ್ದರು. ತೊಂದರೆ ಏನೆಂದರೆ, ನೆಲಮಾಳಿಗೆ 15 ಡಿಗ್ರಿ ಇರುತ್ತದೆ. ಆ ಬಿಸಿಗೆ ಮೀನು ಮಲಗುವುದಿಲ್ಲ. ತಿನ್ನುತ್ತದೆ, ಗಲೀಜು ಮಾಡುತ್ತದೆ, ನೀರಲ್ಲಿ ಅಮೋನಿಯಾ ಏರುತ್ತದೆ. ಕೊಳದ ಫಿಲ್ಟರಿನ ಹಳೆ ಸ್ಪಂಜನ್ನೇ ತಂದು ಹಾಕಿದ್ದೆ, ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ ಅಂತ. ಆದರೂ ಸಾಲಲಿಲ್ಲ. ಪ್ರತಿ ಭಾನುವಾರ ಮೂರನೇ ಒಂದು ಭಾಗ ನೀರು ಬದಲಿಸಿ, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಔಷಧಿ ಹಾಕಬೇಕಿತ್ತು. ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಒಂದು ಮೀನು ಸತ್ತಿತ್ತು. ಐದು ತಿಂಗಳು ಬಕೆಟ್ ಹೊತ್ತ ಮೇಲೆ ನನಗೆ ಖಚಿತವಾಯಿತು: ಮೂರಡಿ ಆಳದ ಕೊಳ ಇದ್ದವರಿಗೆ ಈ ಪಾಡು ಬೇಡ. ನಿಮ್ಮ ಕೊಳ ಒಂದೂವರೆ ಅಡಿಯದ್ದಾದರೆ ಮಾತ್ರ ಬೇರೆ ಮಾತು. ಅದು ತಳದವರೆಗೂ ಹೆಪ್ಪುಗಟ್ಟಬಹುದು, ಹಾಗಾಗಿ ಒಳಗೆ ತರಲೇಬೇಕು.

ಮೂರನೆಯದು ಗಾಳಿ ಪಂಪು. 35 ವ್ಯಾಟ್, ಅದೇ ದರದಲ್ಲಿ ದಿನಕ್ಕೆ 11 ಸೆಂಟ್. ಗುಳ್ಳೆಗಳು ಏಳುವ ಜಾಗದಲ್ಲಿ ನೀರು ಕದಡುತ್ತಲೇ ಇರುವುದರಿಂದ ಅಲ್ಲಿ ಮಂಜು ಕಟ್ಟುವುದಿಲ್ಲ. ಜೊತೆಗೆ ನೀರಿಗೆ ಆಮ್ಲಜನಕವೂ ಸಿಗುತ್ತದೆ, ಅದನ್ನು ಹೀಟರ್ ಕೊಡುವುದಿಲ್ಲ. ಇಷ್ಟು ಒಳ್ಳೆಯ ವಸ್ತುವನ್ನು ಮೊದಲ ಸಲ ನಾನು ತಪ್ಪಾಗಿ ಹಾಕಿದೆ. ಗುಳ್ಳೆ ಬಿಡುವ ಕಲ್ಲನ್ನು ಕೊಳದ ನಡುಮಧ್ಯೆ, ಮೂರಡಿ ಆಳಕ್ಕೆ ಇಳಿಸಿದೆ. ಮಾರಿದವರು ಹೇಳಿದ್ದೂ ಹಾಗೇ. ಬೇಸಿಗೆಗೆ ಅದು ಸರಿ. ಚಳಿಗಾಲಕ್ಕೆ ಅಲ್ಲ. ಗುಳ್ಳೆಗಳು ತಳದ 4 ಡಿಗ್ರಿ ನೀರನ್ನು ಮೇಲೆ ತಂದು, ಮೇಲಿನ ಕೊರೆಯುವ ನೀರನ್ನು ಕೆಳಗೆ ತಳ್ಳಿದವು. 2021ರ ಫೆಬ್ರವರಿ ಇಲ್ಲಿ ದಿನಗಟ್ಟಲೆ ಸೊನ್ನೆಗಿಂತ ಕೆಳಗೇ ಇತ್ತು, ಮೇಲೆ ಹಿಮ ಬೇರೆ. ಆ ತಿಂಗಳಲ್ಲಿ ಮೂರು ಮೀನು ಹೋದವು. ಅದರಲ್ಲಿ ಒಂದು ನಮ್ಮ ಮಗಳು ಹೆಸರಿಟ್ಟಿದ್ದ ಬಿಳಿ ಬಾಲದ್ದು. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಆ ಮಾರ್ಚ್‌ನಲ್ಲಿ ಇಳಿಜಾರಿನ ಅಂಚಿಗೆ ಕಲ್ಲನ್ನು ಎತ್ತಿ ಇಟ್ಟೆ, ಒಂದಡಿ ಆಳಕ್ಕೆ. ಈಗಲೂ ಹಾಗೇ. ತಳದ ನೀರು ಕದಡುವುದಿಲ್ಲ, ತೂತು ಮಾತ್ರ ತೆರೆದಿರುತ್ತದೆ. ಅದರ ಪಕ್ಕ 300 ವ್ಯಾಟ್‌ನ ಚಿಕ್ಕ ಹೀಟರ್ ಒಂದನ್ನು ತೇಲಿಬಿಟ್ಟಿದ್ದೇನೆ. ಅದನ್ನು ಹಾಕುವುದು ಮೈನಸ್ 15ಕ್ಕಿಂತ ಕೆಳಗೆ ಹೋಗುವ ರಾತ್ರಿಗಳಲ್ಲಿ ಮಾತ್ರ. ಅಂಥ ಚಳಿಯಲ್ಲಿ ಬರೀ ಗುಳ್ಳೆ ಸಾಲುವುದಿಲ್ಲ, ಮೇಲೆ ಮಂಜಿನ ಗುಮ್ಮಟ ಕಟ್ಟಿಬಿಡುತ್ತದೆ. ಇಡೀ ದಿನ ಉರಿದರೂ ಆ 13 ಸೆಂಟ್ ದರದಲ್ಲಿ ಒಂದು ಡಾಲರಿನೊಳಗೆ. ಈ ಜೋಡಿ ಬಂದ ಮೇಲೆ ಒಂದು ಮೀನೂ ಹೋಗಿಲ್ಲ. ನನ್ನನ್ನು ಕೇಳಿದರೆ ಇದೇ ಗೆದ್ದಿತು. ಒಂದನ್ನೇ ಕೊಳ್ಳಲು ಆಗುವುದಾದರೆ ಗಾಳಿ ಪಂಪು ತೆಗೆದುಕೊಳ್ಳಿ, ದೊಡ್ಡ ಹೀಟರ್ ಬೇಡ.

ಪಂಪನ್ನು ಗ್ಯಾರೇಜಿನೊಳಗೆ ಒಣ ಜಾಗದಲ್ಲಿಡಿ. ಹೊರಗಿಟ್ಟರೆ ಕೊಳವೆಯಲ್ಲಿ ತೇವ ಹೆಪ್ಪುಗಟ್ಟಿ ಗಾಳಿ ನಿಂತುಹೋಗುತ್ತದೆ. ಅದರ ರಬ್ಬರ್ ಡಯಾಫ್ರಮ್ ಸವೆಯುತ್ತದೆ, ನಾನು ಪ್ರತಿ ಅಕ್ಟೋಬರ್‌ನಲ್ಲಿ ಬದಲಿಸುತ್ತೇನೆ. ಕರೆಂಟ್ ಹೋದರೆ? ಒಂದು ರಾತ್ರಿ ಹೋದರೆ ಗಾಬರಿ ಬೇಡ. ಗೋಲ್ಡ್‌ಫಿಶ್‌ಗೆ ಅಪರೂಪದ ಶಕ್ತಿಯಿದೆ. ಆಮ್ಲಜನಕ ಇಲ್ಲದಾಗ ಮೈಯಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತದೆ. ಕೋಯಿ ಮೀನಿಗೆ ಇದು ಬಾರದು, ಅದನ್ನು ಸಾಕಿದವರು ಹುಷಾರಾಗಿರಬೇಕು. ಮುಚ್ಚಿಹೋದ ಮಂಜನ್ನು ಸುತ್ತಿಗೆಯಿಂದ ಮಾತ್ರ ಒಡೆಯಬೇಡಿ. ಆ ಪೆಟ್ಟು ನೀರಿನಲ್ಲಿ ಹಾದು ಮೀನಿಗೆ ತಾಗುತ್ತದೆ. ಬಿಸಿನೀರು ತುಂಬಿದ ಪಾತ್ರೆ ಅದರ ಮೇಲಿಡಿ, ಮೆಲ್ಲಗೆ ಕರಗುತ್ತದೆ.

ತೇಲುವ ಥರ್ಮೊಕೋಲ್ ಮುಚ್ಚಳ, ಚೆಂಡು ಇವನ್ನೂ ಹಾಕಿ ನೋಡಿದ್ದೇನೆ. ನಮ್ಮ ಚಳಿಗೆ ಅವೂ ಮಂಜಿನೊಳಗೇ ಸಿಕ್ಕಿಕೊಂಡವು. ಕೊಳಕ್ಕೆ ನೀರು ಧುಮುಕಿಸುವ ಪುಟ್ಟ ಜಲಪಾತವನ್ನು ಚಳಿಯಲ್ಲೂ ಓಡಿಸುವ ಆಸೆ ಬಿಟ್ಟಿದ್ದೇನೆ. ಮಂಜು ಅಡ್ಡ ಕಟ್ಟಿದರೆ ನೀರೆಲ್ಲ ಹೊರಗೆ ಹರಿದು ಕೊಳ ಬರಿದಾಗುತ್ತದೆ.

ಎಲೆಯ ವಿಚಾರಕ್ಕೆ ಬರೋಣ. ನಿಜವಾಗಿ ಅರ್ಧ ಕೆಲಸ ಇಲ್ಲೇ ಇದೆ. ಪಕ್ಕದಲ್ಲೇ ದೊಡ್ಡ ಮೇಪಲ್ ಮರ. ಎರಡು ವರ್ಷ ದಿನಾ ಸಂಜೆ ಕೈಬಲೆಯಿಂದ ಎಲೆ ಎತ್ತಿದೆ. ಆಫೀಸಿನಿಂದ ಬರುವಷ್ಟರಲ್ಲಿ ಕತ್ತಲೆ, ಅರ್ಧ ಎಲೆ ಆಗಲೇ ತಳ ಸೇರಿರುತ್ತಿತ್ತು. ಆಮೇಲೆ ಬಲೆ ಹೊದಿಸಿದೆ. ಸುಮ್ನೆ ಚಪ್ಪಟೆಯಾಗಿ ಹೊದಿಸಿದರೆ ಭಾರಕ್ಕೆ ಜೋತು ಎಲೆ ನೀರಲ್ಲಿ ನೆನೆದು ಕಷಾಯವಾಗುತ್ತದೆ. ಪಿವಿಸಿ ಪೈಪನ್ನು ಬಿಲ್ಲಿನಂತೆ ಬಗ್ಗಿಸಿ ಡೇರೆ ಥರ ಮಾಡಿದ ಮೇಲೆ ಎಲೆ ಜಾರಿ ಬದಿಗೆ ಬೀಳುತ್ತದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಬಲೆ ತೆಗೆಯಿರಿ, ಹಿಮ ಬಿದ್ದರೆ ಅದು ಕುಸಿಯುತ್ತದೆ.

ನೈದಿಲೆ ಮತ್ತು ತಾವರೆಗೆ ಎಲೆ ಕತ್ತರಿಸಿ, ಕುಂಡವನ್ನು ಆಳಕ್ಕೆ ಇಳಿಸಿದರೆ ಸಾಕು. ಗೆಡ್ಡೆಗೆ ಮಂಜು ತಾಗಬಾರದು. ಕೆಸುವನ್ನು ಮಾತ್ರ ಎರಡು ಥರ ಮಾಡಿದೆ. ಕುಂಡ ಸಮೇತ ನೆಲಮಾಳಿಗೆಯ ಕಿಟಕಿಗೆ ಇಟ್ಟದ್ದು ಸೊರಗಿ ಕಡ್ಡಿಯಾಯಿತು, ಎಲೆಗೆ ಜೇಡನುಸಿ ಬಂತು. ಗೆಡ್ಡೆ ಕಿತ್ತು, ಒಣಗಿಸಿ, ನ್ಯೂಸ್‌ಪೇಪರಿನಲ್ಲಿ ಸುತ್ತಿ ತಣ್ಣಗಿನ ಮೂಲೆಯಲ್ಲಿಟ್ಟದ್ದು ಮೇ ತಿಂಗಳಲ್ಲಿ ನೆಟ್ಟ ಕೂಡಲೇ ಚಿಗುರಿತು. ಜುಲೈ ಕೊನೆಗೆ ಪತ್ರೊಡೆ ಆಯಿತು.

ಊಟ ನಿಲ್ಲಿಸುವುದನ್ನು ಮರೆಯಬೇಡಿ. ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಮೀನಿಗೆ ಜೀರ್ಣವಾಗುವುದಿಲ್ಲ. ಮಾರ್ಚ್ ಬಿಸಿಲಿಗೆ ಅವು ಮೇಲೆ ಬಂದು ಬಾಯಿ ತೆರೆಯುತ್ತವೆ. ಮನಸ್ಸು ಕರಗುತ್ತದೆ, ಅಲ್ವಾ? ಆದರೂ ಥರ್ಮಾಮೀಟರ್ ವಾರವಿಡೀ 10 ದಾಟಿ ನಿಲ್ಲುವವರೆಗೆ ಡಬ್ಬಿಯ ಮುಚ್ಚಳ ತೆಗೆಯಬೇಡಿ.