ತೋಟಕ್ಕೆ ಮಣ್ಣು ಹೊಡೆಸುವವರ ಗಮನಕ್ಕೆ: ಮಿನಿ ಟ್ರ್ಯಾಕ್ಟರ್ ಎಳೆಯುವಷ್ಟನ್ನು ತಡೆಯಲಾರದು

ಹೊಸನಗರದ ಕಡೆಯ ಒಂದು ಅಡಿಕೆ ತೋಟ. ಮೇ ಕೊನೆಯ ದಿನಗಳು, ಅಡ್ಡಮಳೆ ಎರಡು ಬಾರಿ ಹೊಡೆದಿತ್ತು. ಧರೆ ಕಡಿದ ಮಣ್ಣನ್ನು 24 ಎಚ್‌ಪಿ ಮಿನಿ ಟ್ರ್ಯಾಕ್ಟರಿನಲ್ಲಿ, ಎರಡು ಚಕ್ರದ ಟಿಪ್ಪಿಂಗ್ (ಎತ್ತಿ ಸುರಿಯುವ) ಟ್ರೈಲರ್ ಕಟ್ಟಿ ಕೆಳಗಿನ ತೋಟಕ್ಕೆ ಇಳಿಸುತ್ತಿದ್ದರು. ಮಳೆ ಹಿಡಿಯುವ ಮೊದಲು ಮುಗಿಯಲಿ ಎಂದು ಜೆಸಿಬಿಯ ಮುಂದಿನ ಬಕೆಟ್ ತುಂಬ ಮಣ್ಣನ್ನು ಒಂದೇ ಸಲ ಟ್ರೈಲರಿಗೆ ಸುರಿದರು. ಇಳಿಜಾರಿನ ಅರ್ಧದಲ್ಲಿ ಟ್ರೈಲರ್ ಹಿಂದಿನಿಂದ ದೂಡತೊಡಗಿತು. ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ತಿರುಗುವುದನ್ನು ನಿಲ್ಲಿಸಿದವು, ಗಾಡಿ ಮಾತ್ರ ಜಾರುತ್ತಲೇ ಹೋಯಿತು. ಟ್ರೈಲರ್ ಅಡ್ಡ ತಿರುಗಿ ಟ್ರ್ಯಾಕ್ಟರನ್ನು ಬಸಿಗಾಲುವೆಗೆ ಕೆಡವಿತು. ಓಡಿಸುತ್ತಿದ್ದವರ ಕಾಲು ಮುರಿಯಿತು. ಗಾಡಿ ಕಾಲುವೆಯ ಆಚೆ ದಡಕ್ಕೆ ಆತು ನಿಂತದ್ದರಿಂದ ಜೀವ ಉಳಿಯಿತು.

ಬ್ರೇಕ್ ಕೆಟ್ಟಿರಲಿಲ್ಲ. ಲೆಕ್ಕ ಕೆಟ್ಟಿತ್ತು.

ಜೆಸಿಬಿಯ ಮುಂದಿನ ಬಕೆಟ್ಟಿಗೆ ಸುಮಾರು ಒಂದು ಘನ ಮೀಟರ್, ಅಂದರೆ 35 ಸಿಎಫ್‌ಟಿ (ಘನ ಅಡಿ) ಹಿಡಿಯುತ್ತದೆ. ನೆನೆದ ಮಣ್ಣಾದರೆ ಅದು ಒಂದೂವರೆ ಟನ್ನಿಗೂ ಮೇಲೆ. ಖಾಲಿ ಟ್ರೈಲರಿನದೇ ಅರ್ಧ ಟನ್ ಎಂದಿಟ್ಟುಕೊಳ್ಳಿ. ಎಳೆಯುವ ಮಿನಿ ಟ್ರ್ಯಾಕ್ಟರ್ ಒಂದು ಟನ್ ತೂಗುವುದೂ ಕಷ್ಟ. ಟ್ರೈಲರಿಗೆ ಬ್ರೇಕಿಲ್ಲ, ಟ್ರ್ಯಾಕ್ಟರಿಗೆ ಇರುವುದೂ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಸಣ್ಣ ಗೇರಿನಲ್ಲಿ ಎರಡು ಟನ್ನನ್ನು ಎಂಜಿನ್ ಸಲೀಸಾಗಿ ಎಳೆದುಬಿಡುತ್ತದೆ, ಮೋಸ ಆಗುವುದು ಅಲ್ಲೇ. ನಿಲ್ಲಿಸುವುದು ಎಂಜಿನ್ನಿನ ಶಕ್ತಿಯಲ್ಲ, ಟೈರಿನ ಮೇಲೆ ಬೀಳುವ ಭಾರ ಮತ್ತು ನೆಲದ ಹಿಡಿತ. ನೆನೆದ ಕೆಂಪು ಮಣ್ಣಿನಲ್ಲಿ ಆ ಹಿಡಿತವೇ ಇರುವುದಿಲ್ಲ.

ಇಳಿಜಾರಿನಲ್ಲಿ ಟ್ರೈಲರ್ ಮತ್ತು ಮಣ್ಣು ಸೇರಿ ಟ್ರ್ಯಾಕ್ಟರಿನ ತೂಕ ಮೀರಬಾರದು. ಹಾಗೆ ನೋಡಿದರೆ ಒಂದು ಟ್ರಿಪ್ಪಿಗೆ 10-12 ಸಿಎಫ್‌ಟಿ, ಅಷ್ಟೇ. ಆರಡಿ ಉದ್ದ, ನಾಲ್ಕಡಿ ಅಗಲದ ಟ್ರೈಲರಿನಲ್ಲಿ ಅದು ಅರ್ಧ ಅಡಿ ಎತ್ತರ. ಒಳಗಡೆ ಆ ಎತ್ತರಕ್ಕೆ ಬಣ್ಣದಲ್ಲಿ ಗೆರೆ ಎಳೆದಿಡಿ, ತುಂಬುವವರಿಗೆ ಮೊದಲೇ ತೋರಿಸಿ. ಜೆಸಿಬಿಯಲ್ಲಿ ತುಂಬುವುದಾದರೆ ಹಿಂದಿನ ಸಣ್ಣ ಬಕೆಟ್ಟಿನಲ್ಲೇ ಹಾಕಲು ಹೇಳಿ. ಮೇಲಿಂದ ಒಮ್ಮೆಲೇ ಬಿದ್ದ ಭಾರಕ್ಕೆ ಟ್ರೈಲರಿನ ಆಕ್ಸಲ್ ಬಾಗುವುದೂ ಉಂಟು.

ಇಷ್ಟು ಕಡಿಮೆ ಹಾಕಿದರೆ ಕೆಲಸ ಮುಗಿಯುವುದು ಯಾವಾಗ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ತೋಟದ ದಾರಿಗೆ 15 ಸೆಂಟಿಮೀಟರ್ ದಪ್ಪ ಗ್ರಾವೆಲ್ ಎಂದರೆ 45 ಘನ ಮೀಟರ್. ರೋಲರ್ ಹೊಡೆದ ಮೇಲೆ ತಗ್ಗುವುದನ್ನು ಸೇರಿಸಿದರೆ 55, ಅಂದರೆ ಸುಮಾರು 19 ಯೂನಿಟ್ (ಯೂನಿಟ್ಟಿಗೆ 100 ಸಿಎಫ್‌ಟಿ). 12 ಸಿಎಫ್‌ಟಿಯಂತೆ 160 ಟ್ರಿಪ್ ಆಯಿತು. ಅದು ಮಿನಿ ಟ್ರ್ಯಾಕ್ಟರಿನ ಕೆಲಸವಲ್ಲ. ಟಿಪ್ಪರ್ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಅದರಲ್ಲೇ ತರಿಸಿ, ಸಾಧ್ಯವಾದರೆ ಇಳಿಜಾರಿನ ಕೆಳಗೇ ರಾಶಿ ಹಾಕಿಸಿ. ಮರಗಳ ನಡುವಿನ ಕೊನೆಯ ಐವತ್ತು ನೂರು ಮೀಟರ್ ಮಾತ್ರ ಮಿನಿಗೆ ಬಿಡಿ.

ಇಳಿಯುವ ಮೊದಲು, ಹಿಂದಿನ ಎಡ, ಬಲ ಚಕ್ರಗಳಿಗೆ ಬೇರೆ ಬೇರೆ ಇರುವ ಎರಡು ಬ್ರೇಕ್ ಪೆಡಲುಗಳ ನಡುವಿನ ಕೊಂಡಿ ಹಾಕಿರಬೇಕು. ಉಳುಮೆಗೆಂದು ಬಿಚ್ಚಿದ್ದು ಹಾಗೇ ಉಳಿದು ಒಂದೇ ಚಕ್ರ ಹಿಡಿದರೆ ಗಾಡಿ ಅಲ್ಲೇ ಗಿರಕಿ ಹೊಡೆಯುತ್ತದೆ. ಲೋ ಗೇರನ್ನು ಮೇಲೇ, ಸಮತಟ್ಟು ಜಾಗದಲ್ಲೇ ಹಾಕಿಕೊಳ್ಳಿ. ನಡುವೆ ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಮಾಡಲೇಬೇಡಿ. ಫೋರ್ ವೀಲ್ ಡ್ರೈವ್ ಇದ್ದರೆ ಇಳಿಯುವಾಗಲೂ ಹಾಕಿರಿ. ಏರು ಹತ್ತುವುದಕ್ಕಷ್ಟೇ ಅದು ಎಂದುಕೊಂಡವರೇ ಹೆಚ್ಚು. ಹಾಕಿದ್ದರೆ ಬ್ರೇಕಿನ ಹಿಡಿತ ಮುಂದಿನ ಚಕ್ರಗಳಿಗೂ ಸಿಗುತ್ತದೆ. ಮುಂದೆ ಲೋಡರ್ ಬಕೆಟ್ ಕಟ್ಟಿದವರಿಗಂತೂ ಇದು ಕಡ್ಡಾಯ, ಏಕೆಂದರೆ ತುಂಬಿದ ಬಕೆಟ್ ಹಿಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ಹಿಂದೆ ತೂಕ ಕಟ್ಟದೆ ಲೋಡರ್ ಓಡಿಸಬೇಡಿ, ಬಕೆಟ್ಟನ್ನು ನೆಲದಿಂದ ಒಂದಡಿಗಿಂತ ಮೇಲೆ ಎತ್ತಿ ಸಾಗಿಸಬೇಡಿ.

ಸುರಿಯುವಾಗಿನ ಅಪಾಯ ಬೇರೆ. ಅಂಟು ಮಣ್ಣು ತಳ ಬಿಡದೆ ಟ್ರೈಲರಿನ ಜೊತೆಗೇ ಮೇಲೇಳುತ್ತದೆ. ಜಾಗ ಸ್ವಲ್ಪ ವಾಲಿದ್ದರೂ ಟ್ರೈಲರ್ ಪಕ್ಕಕ್ಕೆ ಉರುಳುತ್ತದೆ. ಹಿಂದಿನ ಡೋರ್ ತೆಗೆಯಲು ಮರೆತು ಎತ್ತಿದರೆ ಭಾರವೆಲ್ಲ ಆಕ್ಸಲಿನ ಹಿಂದಕ್ಕೆ ಸರಿದು, ಹಿಚ್ (ಟ್ರೈಲರ್ ಕಟ್ಟುವ ಕೊಂಡಿ) ಮೇಲಕ್ಕೆದ್ದು ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತುತ್ತದೆ. ಆಗ ಹಿಂದಿನ ಬ್ರೇಕ್ ಇದ್ದೂ ಇಲ್ಲದಂತೆ. ಮೊದಲು ಡೋರ್ ತೆಗೆಯಿರಿ, ಸಮತಟ್ಟು ಜಾಗದಲ್ಲಿ, ಟ್ರ್ಯಾಕ್ಟರ್ ಮತ್ತು ಟ್ರೈಲರ್ ನೇರ ಸಾಲಿನಲ್ಲಿ ಇರುವಾಗ ಮಾತ್ರ ಎತ್ತಿ. ಅಂಟಿದ ಮಣ್ಣನ್ನು ಉದುರಿಸಲು ಎತ್ತಿದ ಟ್ರೈಲರಿನ ಅಡಿಗೆ ಯಾರೂ ಹೋಗಕೂಡದು, ಗಾಡಿಯನ್ನು ಜರ್ಕ್ ಹೊಡೆಸಲೂಬಾರದು. ಕೆಳಗಿಳಿಸಿ, ಎಂಜಿನ್ ಆಫ್ ಮಾಡಿ, ಸಲಿಕೆಯಲ್ಲಿ ಕೆರೆಯಿರಿ.

ಬಸಿಗಾಲುವೆಯ ಅಂಚಿನಿಂದ ಕಾಲುವೆ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಚಕ್ರ ಇರಲಿ. ಮಳೆ ಬಿದ್ದ ಮೇಲೆ ಅದರ ಎರಡರಷ್ಟು.